ಬೂರ್‌ಮನ್ ಆರಿಸದ ದುರ್ಬೀನು

ಅವರ ಬಲಹುಬ್ಬಿನ ಮೇಲೆ ಒಂದು ಅರ್ಧಚಂದ್ರವಿತ್ತು. ಕಲಸಿದ ಹಿಟ್ಟಿನ ಮೇಲೆ ಬಳೆಯ ಚೂರನ್ನು ಒತ್ತಿ ತೆಗೆದರೆ ಉಳಿಯುತ್ತದಲ್ಲ, ಅಂಥ ಗುರುತು. ಅಲ್ಲಿ ಕೂದಲು ಬೆಳೆದಿರಲಿಲ್ಲ. ಚಳಿಗಾಲದಲ್ಲಿ ಬೆಳ್ಳಗೆ, ಬೇಸಿಗೆಯಲ್ಲಿ ತುಸು ಗುಲಾಬಿಯಾಗಿ ಕಾಣುತ್ತಿತ್ತು. ಎಂಥ ಗಾಯವೆಂದು ಕೇಳುವುದು ಸಭ್ಯತೆಯಲ್ಲ ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಹಾಗಾಗಿ ನಾನು ಕೇಳಲಿಲ್ಲ. ನನ್ನ ಕಣ್ಣು ಅಲ್ಲಿಗೇ ಹೋಗುವುದನ್ನು ಕಂಡು ಅವರೇ ಒಂದು ದಿನ ಹೇಳಿದರು. ಹರೆಯದಲ್ಲಿ, ಬೇಟೆಯ ಮೊದಲ ವರ್ಷ, ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣನ್ನು ತೀರ ಹತ್ತಿರ ತಂದಿದ್ದರಂತೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದ್ದಿತು, ದುರ್ಬೀನಿನ ಅಂಚು ಹುಬ್ಬನ್ನು ಕತ್ತರಿಸಿತು.

"ಎಲ್ಲರನ್ನೂ ಒಂದು ಸಲ ಕಚ್ಚುತ್ತದೆ. ಎರಡನೇ ಸಲ ಕಚ್ಚಿಸಿಕೊಂಡವನು ಬೇಟೆ ಬಿಟ್ಟು ಮೀನು ಹಿಡಿಯಲಿ" ಎಂದು ನಕ್ಕಿದ್ದರು.

ನಾನು ಅವರನ್ನು ಬೂರ್‌ಮನ್ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ಬೂರ್‌ವ್ರಾವ್ ಎನ್ನುತ್ತಿದ್ದರು. ಪಕ್ಕದ ಮನೆಯವರೇ, ಪಕ್ಕದ ಮನೆಯಮ್ಮಾ ಎಂದ ಹಾಗೆ. ಡಚ್ಚರಲ್ಲಿ ವರ್ಷಗಟ್ಟಲೆ ಹೀಗೇ ಕರೆದುಕೊಂಡು ಬದುಕುತ್ತಾರೆ. ನನ್ನ ಯಜಮಾನರು ಎನ್ಸ್‌ಕೆಡೆಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸಕ್ಕೆ ಬಂದವರು. ಊರೊಳಗೆ ಬಾಡಿಗೆಗೆ ಮನೆ ಸಿಗದೆ, ಊರಾಚೆ, ಹೊಲಗಳು ಶುರುವಾಗುವ ಬೀದಿಯಲ್ಲಿ ನಾವು ಮನೆ ಹಿಡಿದೆವು. ಸಾಮಾನು ಇಳಿಸುತ್ತಿರುವಾಗಲೇ ಬೂರ್‌ಮನ್ ಬೇಲಿಯ ಪಕ್ಕ ನಿಂತು ನಮಗೊಂದು ಪಾಠ ಹೇಳಿದರು. ಈ ಸೀಮೆಯಲ್ಲಿ ನೆರೆಮನೆಯವನಿಗೆ ನೋಬರ್ ಅನ್ನುತ್ತಾರೆ. ತೀರ ಪಕ್ಕದ ನೋಬರ್‌ಗೆ ಕರ್ತವ್ಯಗಳಿವೆ. ಹುಟ್ಟು, ಬೆಂಕಿ, ಸಾವು, ಈ ಮೂರಕ್ಕೆ ಕರೆಯದೆಯೇ ಬರಬೇಕು. ಉಳಿದದ್ದಕ್ಕೆ ಕರೆದರೆ ಬರಬೇಕು. ಇಲ್ಲ ಅನ್ನುವ ಹಾಗಿಲ್ಲ.

ಒಳಗೆ ಬಂದ ಮೇಲೆ ಯಜಮಾನರು, "ಇದಕ್ಕ ನಮ್ಮ ಧಾರವಾಡದಾಗ ಓಣಿ ಮಂದಿ ಅಂತಾರ. ಇವರು ಹೆಸರಿಟ್ಟಾರ ಅಷ್ಟ" ಎಂದರು.

ಬೂರ್‌ಮನ್ ವೃತ್ತಿಯಲ್ಲಿ ಭೂಮಾಪಕರಾಗಿದ್ದರು. ಮೂರು ಕಾಲಿನ ಮೇಲೆ ನಿಲ್ಲಿಸಿದ ಉಪಕರಣದಲ್ಲಿ ಬಲಗಣ್ಣಿಟ್ಟು ಆ ಸೀಮೆಯ ಹೊಲ, ರಸ್ತೆ, ಕಾಲುವೆಗಳನ್ನೆಲ್ಲ ಅಳೆದವರು. ನಿವೃತ್ತರಾದರೂ ಆ ಚಾಳಿ ಬಿಟ್ಟಿರಲಿಲ್ಲ. ನಮ್ಮ ಗೋಡೆಗೆ ತಗಲಿಸಿದ ಪಟ ಕೂದಲೆಳೆಯಷ್ಟು ಓರೆಯಿದ್ದರೂ ಕುರ್ಚಿಯಿಂದ ಎದ್ದುಹೋಗಿ ಸರಿಪಡಿಸುತ್ತಿದ್ದರು. "ಕಣ್ಣು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವುದು ಗಾಜು" ಎಂಬುದು ಅವರ ಮಾತು. ಉಪಕರಣದ ಗಾಜು ತೇವಕ್ಕೆ ಮಂಜಾಗುತ್ತದೆ, ಪೆಟ್ಟು ಬಿದ್ದರೆ ಜರುಗುತ್ತದೆ. ಅದಕ್ಕೇ ಅದನ್ನು ದಿನವೂ ಪರೀಕ್ಷಿಸಬೇಕು ಎನ್ನುತ್ತಿದ್ದರು. ಅವರ ಹೆಂಡತಿ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ಮಗ ದೂರದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಕೆಲಸದಲ್ಲಿದ್ದ. ಮನೆಯಲ್ಲಿ ಅವರಿಗೆ ಜೊತೆಯೆಂದರೆ ನೆಲಕ್ಕೆ ಹೊಟ್ಟೆ ತಾಗುವಂತೆ ನಡೆಯುವ ಒಂದು ಮೋಟುಕಾಲಿನ ನಾಯಿ.

ಅವರು ಬೇಟೆಗಾರರೆಂದು ಗೊತ್ತಾದಾಗ ನನಗೆ ಕಸಿವಿಸಿಯಾಯಿತು. ಮೊಟ್ಟೆಯನ್ನೂ ಮನೆಯೊಳಗೆ ತರದ ಮನೆತನ ನನ್ನದು. ಅಲ್ಲಿ ಹೊಲಗಳ ಅಂಚಿನಲ್ಲಿ ರೇ ಎಂಬ ಪುಟ್ಟ ಜಿಂಕೆಗಳಿವೆ. ಅವುಗಳ ಸಂಖ್ಯೆ ಹೆಚ್ಚಾದರೆ ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ. ಆದ್ದರಿಂದ ವಸಂತದಲ್ಲಿ ಎಣಿಸಿ, ಇಷ್ಟನ್ನು ಹೊಡೆಯಿರಿ ಎಂದು ಪರವಾನಗಿಯವರಿಗೆ ಹಂಚುತ್ತಾರೆ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ನನಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಅದನ್ನು ಅವರೂ ಬಲ್ಲವರಾಗಿದ್ದರು. ಬೇಟೆಯಾದ ದಿನ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಮರುದಿನ ಬಂದರೂ ಮೊದಲು ಕೈ ತೋರಿಸುತ್ತಿದ್ದರು, ಊಟಕ್ಕೆ ಕೂಡುವ ಮುಂಚೆ ಮಕ್ಕಳು ತಾಯಿಗೆ ತೋರಿಸುವಂತೆ. ನಾನು ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ದಪ್ಪಗೆ ಉದುರಿಸಿಕೊಂಡು, ಇದು ಒಣಗಿಸಿದ ಪಿಂಡಕಾಸ್, ಅಂದರೆ ಇಲ್ಲಿಯ ಶೇಂಗಾ ಬೆಣ್ಣೆ, ಎಂದು ಹೇಳಿ ತಿನ್ನುತ್ತಿದ್ದರು.

ಬೇಟೆಯ ವಿಷಯದಲ್ಲಿ ಅವರಿಗೆ ಒಂದೇ ನಿಯಮ. ಬಂದೂಕು ಹಿಡಿದಾಗ ತೋರುಬೆರಳು ಕುದುರೆಯ, ಅಂದರೆ ಟ್ರಿಗರಿನ, ಮೇಲಿರಬಾರದು, ಹೊರಗೆ, ಬಂದೂಕಿನ ಮರದ ಮೈಗುಂಟ ನೆಟ್ಟಗೆ ಚಾಚಿರಬೇಕು. ಪೂರ್ತಿ ಖಾತ್ರಿಯಾದ ಮೇಲೆಯೇ ಒಳಗೆ ಬರಬೇಕು. ಖಾತ್ರಿಯಿಲ್ಲವೆಂದರೆ ಬೆರಳು ಹೊರಗೆ. ಪಾರ್ಕಿಂಗ್ ಮಾಡುವಾಗಲೂ, ಅಂಗಡಿಯಲ್ಲಿ ಕುಂಬಳಕಾಯಿ ಆರಿಸುವಾಗಲೂ ಅನುಮಾನ ಬಂದರೆ ಬೂರ್‌ಮನ್ "ಬೆರಳು ಹೊರಗೆ" ಎನ್ನುತ್ತಿದ್ದರು. ನಮ್ಮ ಮಗಳು ಶಾಲೆಯ ಲೆಕ್ಕ ಮಾಡುವಾಗ ಅದನ್ನೇ ಡಚ್ಚಿನಲ್ಲಿ ಹೇಳಿ ನಗುತ್ತಿದ್ದಳು.

ಆ ವರ್ಷದ ಶರತ್ಕಾಲದಲ್ಲಿ ನಮ್ಮ ಬೀದಿಯ ದೀಪದ ಕಂಬ ಬಾಗಿದೆ ಎಂದು ಅವರು ಹೇಳತೊಡಗಿದರು. ನನಗೆ ಹಾಗೆ ಕಾಣಲಿಲ್ಲ. ಆದರೆ ಭೂಮಾಪಕರ ಮಾತಿಗೆ ಎದುರಾಡುವವಳು ನಾನ್ಯಾರು? ಅವರು ಖೆಮೇಂಟೆಗೆ, ಅಂದರೆ ನಮ್ಮ ಪುರಸಭೆಗೆ, ಫೋನ್ ಮಾಡಿದರು. ಕಿತ್ತಳೆ ಬಣ್ಣದ ಗಾಡಿಯಲ್ಲಿ ಇಬ್ಬರು ಬಂದು ಕಂಬಕ್ಕೆ ರಸಮಟ್ಟ ಹಿಡಿದರು, ಗುಳ್ಳೆ ನಟ್ಟನಡುವೆ ನಿಂತಿತು. ಕಂಬ ನಿಮಗಿಂತ ನೆಟ್ಟಗಿದೆ ಅಜ್ಜ ಎಂದು ಒಬ್ಬ ತಮಾಷೆ ಮಾಡಿದ. ನಿಮ್ಮ ಮಟ್ಟ ಕೋಳಿಗೂಡು ಕಟ್ಟಲಿಕ್ಕೆ ಲಾಯಕ್ಕು ಎಂದು ಬೂರ್‌ಮನ್ ಅವರನ್ನು ಸಾಗಹಾಕಿದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನಗೆ ನಗು ಬಂದಿತ್ತು. ಅವರು ಹೋದ ಮೇಲೆ ಬೂರ್‌ಮನ್ ಒಬ್ಬರೇ ನಿಂತು, ತಲೆಯನ್ನು ಒಂದು ಬದಿಗೆ ವಾಲಿಸಿ, ಮತ್ತೊಂದು ಬದಿಗೆ ವಾಲಿಸಿ, ಬಹಳ ಹೊತ್ತು ಆ ಕಂಬವನ್ನೇ ನೋಡಿದರು. ಆಗ ನಗು ನಿಂತಿತು.

ಆಮೇಲೆ ನಾನು ಬೇರೆಯದನ್ನೂ ಗಮನಿಸಿದೆ. ನಾಯಿಯ ಕೊರಳಪಟ್ಟಿ ಹೊಲಿಯಲು ಸೂಜಿಗೆ ದಾರ ಪೋಣಿಸಿಕೊಡು ಎಂದು ಬರತೊಡಗಿದರು. ಮೊದಲು ತಾವೇ ಪೋಣಿಸುತ್ತಿದ್ದವರು. ಕಾಫಿ ಬಗ್ಗಿಸುವಾಗ ಎಡಗೈಯ ಬೆರಳನ್ನು ಕಪ್ಪಿನ ಅಂಚಿಗೆ ಇಟ್ಟುಕೊಳ್ಳುತ್ತಿದ್ದರು. ಮಾತನಾಡುವಾಗ ನನ್ನ ಮುಖ ಬಿಟ್ಟು ನನ್ನ ಕಿವಿಯೋಲೆಯ ಕಡೆ ನೋಡುತ್ತಿದ್ದರು. ಮುಸ್ಸಂಜೆಯ ಹೊತ್ತು ಕಾರು ಓಡಿಸುವುದನ್ನು ಬಿಟ್ಟರು. ಎದುರಿನವರ ದೀಪ ಈಚೆಗೆ ತೀರ ಪ್ರಖರವಾಗಿದೆ ಎಂದರು. ಎಲ್ಲಕ್ಕೂ ಒಂದೊಂದು ಕಾರಣವಿತ್ತು, ಒಂದರಲ್ಲೂ ಅವರ ಕಣ್ಣಿನ ಮಾತಿರಲಿಲ್ಲ. ನನ್ನ ಸಂಶಯವನ್ನು ಯಜಮಾನರಿಗೆ ಹೇಳಿದೆ. ವಯಸ್ಸಾದವರಿಗೆ ಚಾಳೀಸು ಬಂದೇ ಬರುತ್ತದೆ, ಅವರಿಗೆ ಮಗ ಇದ್ದಾನೆ, ನಮಗೇಕೆ ಎಂದರು.

ಜನವರಿಯ ಒಂದು ಬೆಳಿಗ್ಗೆ, ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ, ಬೂರ್‌ಮನ್ ಬಂದೂಕನ್ನು ಹೆಗಲಿಗೆ ಹಾಕಿಕೊಂಡು, ನಾಯಿಯನ್ನು ಉದ್ದ ಹಗ್ಗದಲ್ಲಿ ಹಿಡಿದು ನಮ್ಮ ಬಾಗಿಲು ತಟ್ಟಿದರು. ಹಿಂದಿನ ಸಂಜೆ ಹೆಣ್ಣು ರೇ ಒಂದಕ್ಕೆ ಗುಂಡು ಹಾರಿಸಿದ್ದರು. ಅದು ಬಿದ್ದಿರಲಿಲ್ಲ, ಓಡಿತ್ತು. ಗಾಯಗೊಂಡದ್ದನ್ನು ಕತ್ತಲಲ್ಲಿ ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆ ಎಂದು ಬೆಳಗಾಗುವುದನ್ನು ಕಾದಿದ್ದರು. ನಾಯಿ ರಕ್ತದ ಜಾಡು ಹಿಡಿದು ರಸ್ತೆ ದಾಟುವಾಗ ಕಾರುಗಳನ್ನು ನಿಲ್ಲಿಸಲು ಒಬ್ಬರು ಬೇಕಿತ್ತು. ಯಜಮಾನರು ಸಮ್ಮೇಳನಕ್ಕೆಂದು ಊರಲ್ಲಿರಲಿಲ್ಲ. ನೋಬರ್‌ಗೆ ಕರೆ ಬಂದಿತ್ತು. ಮಗಳನ್ನು ಎದುರುಮನೆಯವರಲ್ಲಿ ಬಿಟ್ಟು, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು, ನಾನೇ ಹೋದೆ.

ಮುಳ್ಳುಪೊದೆಯೊಂದರ ಕೆಳಗೆ ಅದು ಸಿಕ್ಕಿತು. ಬದುಕಿತ್ತು. ಗುಂಡು ಎದೆಗೆ ಬೀಳದೆ ಹಿಂದೆ ಹೊಟ್ಟೆಗೆ ಬಿದ್ದಿತ್ತು, ಇಡೀ ರಾತ್ರಿ ಹಿಮದಲ್ಲಿ ಹಾಗೇ ಬಿದ್ದುಕೊಂಡಿತ್ತು. ನಮ್ಮನ್ನು ಕಂಡು ಏಳಲು ನೋಡಿತು, ಮುಂಗಾಲಷ್ಟೇ ಎದ್ದವು. ಅದರ ರೆಪ್ಪೆಗೂದಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಮುಖ ತಿರುಗಿಸಿದೆ, ಗುಂಡಿನ ಸದ್ದು ಕೇಳಿತು. ತಿರುಗಿ ನೋಡಿದಾಗ ಬೂರ್‌ಮನ್ ಟೋಪಿ ತೆಗೆದು ಮೊಣಕಾಲೂರಿದ್ದರು. ಪಕ್ಕದ ಪೈನ್ ಮರದಿಂದ ಒಂದು ಹಸಿರು ಚಿಗುರು ಮುರಿದು ಅದರ ಬಾಯಲ್ಲಿಟ್ಟರು. ಅದಕ್ಕೆ ಕೊನೆಯ ತುತ್ತು ಎಂದು ಹೆಸರು, ಹೊಡೆದವನೇ ಇಡಬೇಕು. ಚಿಗುರು ಮೊದಲ ಸಲ ಬಾಯಿಯ ಪಕ್ಕಕ್ಕೆ ಬಿತ್ತು, ಎರಡನೇ ಸಲ ಬೆರಳಿನಿಂದ ತುಟಿಯನ್ನು ಹುಡುಕಿ ಇಟ್ಟರು.

"ಎದೆಗೇ ಹಿಡಿದಿದ್ದೆ" ಎಂದರು. "ಗೆರೆ ಎದೆಯ ಮೇಲೇ ಇತ್ತು. ಈ ಹಳೆಯ ಗಾಜು ನನಗೆ ಸುಳ್ಳು ಹೇಳಿತು."

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಆ ದಿನ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಮುಂದಿನ ವಾರವೇ ಬೂರ್‌ಮನ್ ಹೊಸ ದುರ್ಬೀನು ಕೊಳ್ಳಲು ನಿರ್ಧರಿಸಿದರು. ಜರ್ಮನಿಯ ಗಡಿಯ ಕಡೆಗಿದ್ದ ಅಂಗಡಿ. ಮಧ್ಯಾಹ್ನದ ಬೆಳಕಿನಲ್ಲಿ ಎಲ್ಲ ದುರ್ಬೀನೂ ಒಳ್ಳೆಯದಾಗಿಯೇ ಕಾಣುತ್ತದೆ, ಮುಸ್ಸಂಜೆಗೆ ನೋಡಿಯೇ ಆರಿಸಬೇಕು ಎಂಬುದು ಅವರ ಪದ್ಧತಿ. ಮುಸ್ಸಂಜೆಗೆ ಅವರು ಕಾರು ಓಡಿಸುವಂತಿರಲಿಲ್ಲ. ನನಗೆ ಆಗಷ್ಟೇ ಡಚ್ ಲೈಸೆನ್ಸ್ ಸಿಕ್ಕಿತ್ತು. ಕೇಳಿದರು, ಒಪ್ಪಿಕೊಂಡೆ.

ಯಜಮಾನರು ಕಾಡದೆ ಬಿಡಲಿಲ್ಲ. "ದಿನಾ ಲಿಂಗಪೂಜಿ ಮಾಡಾಕಿ ಬಂದೂಕಿನ ಅಂಗಡಿಗೆ ಹೊಂಟೀಯೇನು? ನಿಮ್ಮ ಸಿಸ್ಟರ್‌ಗೋಳು ಇದನ್ನ ಕಲಿಸ್ಯಾರ?"

"ಗಾಡಿ ನಡಸೂದಷ್ಟ ನನ್ನ ಕೆಲಸ."

"ಅವರಿಗೆ ಕಣ್ಣ ಕಾಣಂಗಿಲ್ಲ ಅಂತ ನೀನ ಹೇಳ್ತಿ. ಹೊಸಾದು ತಗೊಂಡ್ರ ಮತ್ತ ಹೊಡೀತಾರ. ಮತ್ತೊಂದು ಜೀವ ಅದರಂಗ ನರಳ್ತದ. ಅದಕ್ಕ ಗಾಡಿ ನಡಸಾಕಿ ನೀನು."

ಅದೇ ಮಾತು ನನ್ನೊಳಗೂ ಕೊರೆಯುತ್ತಿತ್ತು. ಕರೆದುಕೊಂಡು ಹೋಗದಿದ್ದರೆ ಮಗನನ್ನು ಕರೆಸಿಕೊಂಡು ಹೋಗುತ್ತಿದ್ದರು, ಇಲ್ಲವೇ ಅದೇ ಹಳೆಯದರಲ್ಲಿ ಮತ್ತೆ ಹೊಡೆಯುತ್ತಿದ್ದರು. ಕಣ್ಣು ತೋರಿಸಿಕೊಳ್ಳಿ ಎಂದು ಹೇಳಬೇಕು, ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಡಚ್ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿ ಬಿಚ್ಚುತ್ತಿದ್ದೆ.

ಅವರಿಗೆ ಮಾತ್ರ ಹಬ್ಬದ ಉತ್ಸಾಹ. ಹಳೆಯ ದುರ್ಬೀನನ್ನು ಬಂದೂಕಿನಿಂದ ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯಲ್ಲಿ ನನಗೆ ಆರಿಸುವ ಬಗೆ ಹೇಳಿಕೊಟ್ಟರು. ಕಾಡಿಗೂ ಹೊಲಕ್ಕೂ ಒಂದೇ ದುರ್ಬೀನು ಬೇಕೆಂದರೆ, ತುಂಬ ಹತ್ತಿರ ತರುವುದಕ್ಕೆ ಮರುಳಾಗಬಾರದು. ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವುದರಲ್ಲಿ ಜಿಂಕೆಯ ರೋಮವೂ ಕಾಣುತ್ತದೆ, ಅದರ ಪಕ್ಕದಲ್ಲಿ ನಿಂತ ಮರಿ ಕಾಣುವುದಿಲ್ಲ. ನಮ್ಮ ಉಸಿರೂ ಹನ್ನೆರಡು ಪಟ್ಟಾಗುತ್ತದೆ, ಗೆರೆ ಕುಣಿಯುತ್ತದೆ. ಆರು ಪಟ್ಟು ಸಾಕು. ಮುಂದಿನ ಗಾಜು ಅಗಲವಿದ್ದರೆ ಸಂಜೆಯ ಬೆಳಕು ಹೆಚ್ಚು ಬರುತ್ತದೆ, ಆದರೆ ಭಾರವೂ ಹೆಚ್ಚು. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡುವಂಥದ್ದೇ ಆಗಬೇಕು, ಇಲ್ಲವಾದರೆ... ಎಂದು ಹುಬ್ಬು ಮುಟ್ಟಿಕೊಂಡರು.

"ಎಲ್ಲಕ್ಕಿಂತ ಮೊದಲು ಒಳಗಿನ ಗೆರೆ" ಎಂದರು. ದುರ್ಬೀನಿನೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಇರುತ್ತವೆ. ಅವು ಕೂಡುವ ಜಾಗಕ್ಕೆ ಗುಂಡು ಹೋಗುತ್ತದೆ. "ಅದು ಓರೆಯಾದರೆ ಉಳಿದದ್ದೆಲ್ಲ ವ್ಯರ್ಥ."

ಅಂಗಡಿಯಾಕೆ ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದಳು. ಬೂರ್‌ಮನ್ನರನ್ನು ತನ್ನ ತಂದೆಯ ಕಾಲದಿಂದ ಬಲ್ಲವಳು. ನನ್ನ ಹಣೆಯ ವಿಭೂತಿಯನ್ನೂ ಸೀರೆಯನ್ನೂ ನೋಡಿ, ಹೊಸ ಬೇಟೆಗಾರ್ತಿಯೇ ಎಂದು ಕೇಳಿದಳು. ಇವಳು ನನ್ನ ನೋಬರ್, ಸೊಪ್ಪು ತಿನ್ನುವವಳು, ನಿನ್ನ ಅಂಗಡಿಯಲ್ಲಿ ಇವಳ ಎದುರು ಸುಳ್ಳು ಹೇಳಬೇಡ ಎಂದರು ಬೂರ್‌ಮನ್.

ಹಿಂಬದಿಯ ಕಿಟಕಿಯಲ್ಲಿ ಮರಳಿನ ಚೀಲವೊಂದನ್ನು ಇಟ್ಟಿದ್ದರು. ದುರ್ಬೀನನ್ನು ಅದರ ಮೇಲೆ ಊರಿ, ಹೊಲದಾಚೆಯ ಚರ್ಚಿನ ಗೋಪುರದ ತುದಿಯಲ್ಲಿದ್ದ ತಗಡಿನ ಹುಂಜವನ್ನು ನೋಡುವುದು. ಆಕಾಶ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಂಗಡಿಯಾಕೆ ಮೊದಲನೆಯದನ್ನು ಕೊಟ್ಟಳು. ಬೂರ್‌ಮನ್ ಕಣ್ಣಿಟ್ಟರು. ಬೆಳಕು ಚೆನ್ನಾಗಿದೆ, ಆದರೆ ಗೆರೆ ನಡುವೆ ಬಾಗಿದೆ ಎಂದು ವಾಪಸು ಕೊಟ್ಟರು. ಅವಳು ಹುಬ್ಬೇರಿಸಿದಳು, ಬೇರೆ ಕಂಪನಿಯದೊಂದನ್ನು ತಂದಳು. ಅದರಲ್ಲೂ ಗೆರೆ ಬಾಗಿತ್ತು. ಈಗಿನವರಿಗೆ ಒಂದು ನೇರ ಗೆರೆ ಎಳೆಯಲೂ ಬರುವುದಿಲ್ಲ ಎಂದು ಗೊಣಗಿದರು. ಅವಳು ಬೀಗ ತೆಗೆದು ಎಲ್ಲಕ್ಕಿಂತ ಮೇಲಿನ ಕಪಾಟಿನದನ್ನು ತಂದುಕೊಟ್ಟಳು.

ಬೂರ್‌ಮನ್ ಅದರಲ್ಲಿ ಬಹಳ ಹೊತ್ತು ನೋಡಿದರು. ಕಂಬದ ಮುಂದೆ ನಿಂತಾಗ ಮಾಡಿದಂತೆಯೇ ತಲೆಯನ್ನು ಒಮ್ಮೆ ಆ ಬದಿಗೆ, ಒಮ್ಮೆ ಈ ಬದಿಗೆ ವಾಲಿಸಿದರು. ಅಂಗಡಿಯಾಕೆ ಅವರ ಬೆನ್ನ ಹಿಂದಿನಿಂದ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಹೇಳಬೇಕಾದವರು ಯಾರು ಎಂಬುದಷ್ಟೇ ಉಳಿದಿತ್ತು.

ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ನೀನು ನೋಡು, ಬೂರ್‌ವ್ರಾವ್. ಗೆರೆ ಹೇಗಿದೆ?"

ನಾನು ಬಗ್ಗಿದೆ. ತಗಡಿನ ಹುಂಜ ಕೈಗೆ ಸಿಗುವಷ್ಟು ಹತ್ತಿರ ಬಂತು. ಅದರ ಬಾಲದ ಒಂದು ಗರಿ ಮುರಿದಿತ್ತು. ಅದರ ಎದೆಯ ಮೇಲೆ ಎರಡು ಸಣ್ಣ ಕಪ್ಪು ಗೆರೆಗಳು ಕೂಡಿದ್ದವು. ಹೊಲಿಗೆ ಕಲಿಸುತ್ತಿದ್ದ ನಮ್ಮ ಸಿಸ್ಟರ್ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎಳೆಯುತ್ತಿದ್ದರಲ್ಲ, ಅಷ್ಟು ನೇರ. ಕಣ್ಣು ತೆಗೆದಾಗ ಬೂರ್‌ಮನ್ ನನ್ನ ಕಿವಿಯೋಲೆಯನ್ನು ನೋಡುತ್ತಾ ಕಾಯುತ್ತಿದ್ದರು. ಬಾಗಿದೆ ಎಂದಿದ್ದರೆ ಅವರು ಖುಷಿಯಿಂದ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು.

"ನೆಟ್ಟಗಿದೆ, ಬೂರ್‌ಮನ್."

"ಮೊದಲಿನವನ್ನೂ ನೋಡು."

ನೋಡಿದೆ. ಅವೂ ನೆಟ್ಟಗಿದ್ದವು. ಆಮೇಲೆ ಅವರು ಉಣ್ಣೆಯ ಕಾಲುಚೀಲದಿಂದ ತಮ್ಮ ಹಳೆಯದನ್ನು ತೆಗೆದು ಮರಳಿನ ಚೀಲದ ಮೇಲಿಟ್ಟರು. ಅದನ್ನು ಇಡುವಾಗ ಅವರ ಕೈ ಬಹಳ ನಿಧಾನವಾಗಿತ್ತು.

"ಇದು?"

ಅದರ ಗಾಜು ಮಂಜಾಗಿರಲಿಲ್ಲ. ಗೆರೆ ಜರುಗಿರಲಿಲ್ಲ. ನಾನು ಕಣ್ಣು ತೆಗೆದೆ. "ಇದೂ ನೆಟ್ಟಗಿದೆ."

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಟ್ಟು ತಾವೇ ಒಮ್ಮೆ ನೋಡಿದರು. ನೇರವಾಗಿ ನಿಂತರು. ಟೋಪಿ ಸರಿಮಾಡಿಕೊಂಡರು.

"ಹಾಗಾದರೆ ಕಂಬವೂ?"

"ಕಂಬವೂ, ಬೂರ್‌ಮನ್."

ಅಂಗಡಿಯಾಕೆ ಮೆಲ್ಲಗೆ, ಎಡಗಣ್ಣಿನಿಂದ ಗುರಿಯಿಡುವವರೂ ಇದ್ದಾರೆ, ಬಂದೂಕಿನ ಹಿಡಿ ಬದಲಾಯಿಸಿಕೊಡಬಹುದು, ವಸಂತದ ಹೊತ್ತಿಗೆ ರೂಢಿಯಾಗುತ್ತದೆ ಎಂದಳು. ಅವರು ತಲೆಯಾಡಿಸಿದರು. "ನಾನು ಕಲಿಯುವುದು ಯಾವ ಜೀವದ ಮೇಲೆ?" ಎಂದಷ್ಟೇ ಕೇಳಿದರು. ಏನನ್ನೂ ಕೊಳ್ಳಲಿಲ್ಲ. ಹಳೆಯದನ್ನು ಮತ್ತೆ ಕಾಲುಚೀಲದಲ್ಲಿ ಸುತ್ತಿಕೊಂಡರು.

ಹಿಂದಿರುಗಿ ನಮ್ಮ ಬೀದಿಗೆ ಬಂದೆವು. ದೀಪದ ಕಂಬದ ಕೆಳಗೆ ಕಾರು ನಿಲ್ಲಿಸಿದಾಗ, ಇಳಿಯದೆ ಕುಳಿತೇ ಹೇಳಿದರು: "ಆ ಹೆಣ್ಣು ರೇಯ ವಿಷಯದಲ್ಲಿ ಗಾಜು ಸುಳ್ಳು ಹೇಳಿರಲಿಲ್ಲ." ನಾನು ಎಂಜಿನ್ ಆರಿಸಿ ಪಕ್ಕದಲ್ಲೇ ಕುಳಿತೆ. ಮನೆಯೊಳಗೆ ನಾಯಿ ಬೊಗಳುತ್ತಿತ್ತು.

ಕಣ್ಣಿನ ವೈದ್ಯರು, ಬಲಗಣ್ಣಿನ ಪರದೆಯ ನಡುಭಾಗ ಕೆಟ್ಟಿದೆ, ನೇರ ಗೆರೆ ಬಾಗಿ ಕಾಣುವುದು ಅದಕ್ಕೇ, ಇನ್ನೂ ಮೊದಲೇ ಬರಬೇಕಿತ್ತು ಎಂದರಂತೆ. ಎಡಗಣ್ಣಿನಲ್ಲೂ ಶುರುವಾಗಿತ್ತು. ಕಣ್ಣೊಳಗೇ ಸೂಜಿಮದ್ದು ಹಾಕಿಸಿಕೊಳ್ಳಲು ಅವರನ್ನು ನಾನೇ ಕರೆದೊಯ್ಯುತ್ತಿದ್ದೆ. ಬೂರ್‌ಮನ್ ಪರವಾನಗಿಯನ್ನು ಪೊಲೀಸರಿಗೆ ಮರಳಿಸಿದರು, ಬಂದೂಕನ್ನು ಅದೇ ಅಂಗಡಿಗೆ ಒಪ್ಪಿಸಿದರು. ಯಾರೂ ಅವರನ್ನು ಬಲವಂತ ಮಾಡಲಿಲ್ಲ. ಆದರೆ ಅಲ್ಲಿಂದ ಮುಂದೆ ಅವರ ಮನೆಯ ಪರದೆಗಳು ತಡವಾಗಿ ಸರಿಯತೊಡಗಿದವು. ನಾಯಿಯನ್ನು ಬೀದಿಯ ತುದಿಯವರೆಗೆ ಮಾತ್ರ ಒಯ್ಯುತ್ತಿದ್ದರು. ನಾನು ಕೊಟ್ಟ ಚಟ್ನಿಪುಡಿಯ ಡಬ್ಬಿ ತುಂಬಿದಂತೆಯೇ ಇರುತ್ತಿತ್ತು. ಮಗ ಒಂದು ಭಾನುವಾರ ಬಂದಿದ್ದಾಗ ಬೇಲಿಯ ಬಳಿ ನಿಂತು ನನಗೆ ಕೃತಜ್ಞತೆ ಹೇಳಿದ. ಅಪ್ಪನ ಕಣ್ಣಿನ ಮಾತು ಎತ್ತಿದರೆ ತನ್ನ ಮೇಲೆ ಹರಿಹಾಯುತ್ತಿದ್ದರು ಎಂದ. ಆಮೇಲೆ ನೆಲ ನೋಡುತ್ತಾ, "ಅಪ್ಪನಿಗೆ ಅದೊಂದೇ ಇತ್ತು" ಎಂದ. ದೂರಿನ ದನಿಯಲ್ಲ. ಆದರೂ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಆ ಮಾತು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಒಂದು ಮೂಕಪ್ರಾಣಿಯ ನರಳಿಕೆ ತಪ್ಪಿತು ಎಂದು ಸಮಾಧಾನಪಟ್ಟುಕೊಳ್ಳಲು ನೋಡುತ್ತಿದ್ದೆ. ಬೇಲಿಯಾಚೆ ಇನ್ನೊಂದು ಜೀವ ಕುಗ್ಗುತ್ತಿರುವುದು ಕಾಣುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರಲಿಲ್ಲ.

ಯಜಮಾನರು ಆಗ ಏನೂ ಕಾಡಲಿಲ್ಲ. "ಅಜ್ಜಾರಿಗೆ ಬಿಸಿ ಸಾರು ಒಯ್ದು ಕೊಟ್ಟ ಬಾ" ಎನ್ನುತ್ತಿದ್ದರು. ಹಿಮ ಬಿದ್ದ ದಿನ ನಮ್ಮ ಬಾಗಿಲಿಗಿಂತ ಮೊದಲು ಅವರ ಬಾಗಿಲಿನದನ್ನು ಬಳಿಯುತ್ತಿದ್ದರು.

ಏಪ್ರಿಲ್‌ನ ಒಂದು ಸಂಜೆ ಬೂರ್‌ಮನ್ ಆ ಕಾಲುಚೀಲದೊಡನೆ ನಮ್ಮಲ್ಲಿಗೆ ಬಂದರು. ಹಳೆಯ ದುರ್ಬೀನಿಗೆ ಮರದ ಪುಟ್ಟ ಪೀಠವೊಂದನ್ನು ತಾವೇ ಮಾಡಿದ್ದರು, ತಡವಿ ತಡವಿ ಮಾಡಿದ್ದೆಂದು ಅದರ ಮೊಳೆಗಳೇ ಹೇಳುತ್ತಿದ್ದವು. ಅದನ್ನು ನನ್ನ ಅಡುಗೆಮನೆಯ ಕಿಟಕಿಯಲ್ಲಿ, ಕೊತ್ತಂಬರಿಯ ಕುಂಡದ ಪಕ್ಕದಲ್ಲಿಟ್ಟು ಹೊಲದ ಅಂಚಿಗೆ ತಿರುಗಿಸಿದರು. ಕುರ್ಚಿ ಎಳೆದು ಕುಳಿತರು.

"ನೋಡಿ ಹೇಳು" ಎಂದರು.

ಅಂದಿನಿಂದ ಅದೊಂದು ರೂಢಿಯಾಯಿತು. ನಾನು ಒಲೆಯ ಮೇಲೆ ಬೇಳೆ ಇಟ್ಟು, ಕಿಟಕಿಗೆ ಬಗ್ಗಿ, ಕಂಡದ್ದನ್ನು ನನ್ನ ಹರಕು ಡಚ್ಚಿನಲ್ಲಿ ಹೇಳುತ್ತಿದ್ದೆ. ಎಷ್ಟಿವೆ, ಮುಖ ಯಾವ ಕಡೆ, ಕಿವಿ ಮುಂದಿದೆಯೋ ಹಿಂದಿದೆಯೋ, ಹೆಣ್ಣಿನ ಹೊಟ್ಟೆ ತುಂಬಿದೆಯೋ? ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. 'ಇರಬಹುದು' ಎಂಬ ಪದವನ್ನು ನನ್ನ ಬಾಯಿಂದ ಬಿಡಿಸಿಯೇಬಿಟ್ಟರು. "ಕಂಡಿತೋ, ಕಾಣಲಿಲ್ಲವೋ? ಕಾಣದಿದ್ದರೆ ಕಾಣಲಿಲ್ಲ ಅನ್ನು." ಪೌರತ್ವದ ಪರೀಕ್ಷೆಗೆ ಡಚ್ ಕಲಿಸುವ ನಮ್ಮ ಮೇಡಂ ಬೆರಗಾಗಿದ್ದರು: ಜಿಂಕೆಯ ಬೆನ್ನ ತುದಿಯ ಬಿಳಿ ಮಚ್ಚೆಗೆ ಬೇಟೆಗಾರರು ಏನನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು, ಡಾಕ್ಟರ ಅಪಾಯಿಂಟ್‌ಮೆಂಟ್ ಮುಂದೂಡುವುದು ಹೇಗೆಂದು ಗೊತ್ತಿರಲಿಲ್ಲ. ಮೇ ಕೊನೆಗೆ ಮರಿಗಳು ಕಂಡವು. ಅವತ್ತು ಬೂರ್‌ಮನ್ ಬ್ರೆಡ್ಡಿನ ಮೇಲೆ ಚಟ್ನಿಪುಡಿ ಕೇಳಿ ಹಾಕಿಸಿಕೊಂಡರು. ಆದರೂ ಒಮ್ಮೊಮ್ಮೆ ನಾನು ಹೆಣ್ಣು ರೇ ಒಂದನ್ನು ವರ್ಣಿಸುತ್ತಿರುವಾಗ ಅವರು ಇದ್ದಕ್ಕಿದ್ದಂತೆ, ಸಾಕು ಎಂದು ಎದ್ದು ಹೋಗುತ್ತಿದ್ದರು. ಯಾವುದು ನೆನಪಾಯಿತೆಂದು ನಾನು ಕೇಳುತ್ತಿರಲಿಲ್ಲ.

ಮುಂದಿನ ವರ್ಷದ ನವೆಂಬರಿನಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆ ಬೇಡವೆಂದು ಮನೆಯ ಮುಂಗೋಣೆಯಲ್ಲೇ ಮಂಚ ಹಾಕಿಸಿಕೊಂಡರು. ಆ ಬೆಳಿಗ್ಗೆ ನರ್ಸ್ ಬಂದುಹೋಗಿ, ಮಗನಿಗೆ ಬರಲು ಹೇಳಿ ಎಂದಳು. ಅವನು ಹೊರಟಿದ್ದ, ದಾರಿಯಲ್ಲಿದ್ದ. ನಾನು ಪಕ್ಕದಲ್ಲಿದ್ದೆ, ಮೂರು ಕರ್ತವ್ಯಗಳಲ್ಲಿ ಕೊನೆಯದಕ್ಕೆ ಕರೆಯದೆಯೇ ಬಂದಿದ್ದೆ. ಅವರು ಬಯಸಿದ್ದರೆಂದು ದುರ್ಬೀನನ್ನು ನನ್ನ ಕಿಟಕಿಯಿಂದ ಅವರ ಕಿಟಕಿಗೆ ಹಿಂದಿನ ದಿನವೇ ತಂದಿಟ್ಟಿದ್ದೆ. ನಾಯಿ ಮಂಚದ ಕೆಳಗೆ ಮಲಗಿತ್ತು.

ಬೂರ್‌ಮನ್ ಕಣ್ಣು ತೆರೆಯದೆಯೇ ಹೇಳಿದರು: "ನೋಡಿ ಹೇಳು."

ನಾನು ಬಗ್ಗಿದೆ. ಹೊರಗೆ ದಟ್ಟ ಮಂಜು. ಹೊಲವಿಲ್ಲ, ಮರವಿಲ್ಲ, ಬೇಲಿಯೂ ಇಲ್ಲ; ಬಿಳುಪಿನ ನಡುವೆ ಎರಡು ನೇರ ಗೆರೆಗಳು ಮಾತ್ರ. ಎರಡು ಬಂದಿವೆ ಬೂರ್‌ಮನ್, ತಾಯಿ ಮತ್ತು ಮರಿ, ಇತ್ತಲೇ ನೋಡುತ್ತಿವೆ ಎಂದುಬಿಡಬೇಕು ಅನ್ನಿಸಿತು. ಅದು ಯಾರಿಗೂ ಕೇಡು ಮಾಡದ ಸುಳ್ಳಾಗಿತ್ತು. ವಾಕ್ಯ ನಾಲಗೆಯ ತುದಿಗೆ ಬಂದಿತ್ತು, ಈಗ ನನ್ನ ಡಚ್ಚೂ ತಡವರಿಸುತ್ತಿರಲಿಲ್ಲ. ಆದರೆ ಆ ಅಂಗಡಿಯ ಕಿಟಕಿಯಲ್ಲಿ ನನ್ನ ಕಣ್ಣನ್ನು ನಂಬಿ ಅವರು ಅಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿದ್ದರು.

"ಏನೂ ಕಾಣುತ್ತಿಲ್ಲ, ಬೂರ್‌ಮನ್. ಬರೀ ಮಂಜು."

ಅವರ ತುಟಿ ತುಸು ಸಡಿಲವಾಯಿತು. ನಗುವೇ ಇರಬೇಕು.

"ಸರಿ" ಎಂದರು. "ಹಾಗಾದರೆ ಬೆರಳು ಹೊರಗೆ."

ಸ್ವಲ್ಪ ಹೊತ್ತಿಗೆ ಉಸಿರು ಬದಲಾಯಿತು. ನಮ್ಮ ಕಡೆ ಮಾಡುವಂತೆ ಒಂದು ಚಮಚ ನೀರನ್ನು ಬಾಯಿಗೆ ಬಿಟ್ಟೆ. ಮೊದಲ ಹನಿಗಳು ಗಲ್ಲಕ್ಕೆ ಬಿದ್ದವು, ತುಟಿಯನ್ನು ಬೆರಳಿನಿಂದ ಹುಡುಕಿ ಉಳಿದದ್ದನ್ನು ಬಿಟ್ಟೆ. ಮಗ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸುದ್ದಿಯನ್ನು ಬೀದಿಯ ಪ್ರತಿ ಮನೆಗೂ ಹೋಗಿ ಹೇಳಬೇಕಾದ್ದು ತೀರ ಪಕ್ಕದ ನೋಬರ್. ಮಂಜಿನಲ್ಲಿ ಒಂದೊಂದೇ ಬಾಗಿಲು ತಟ್ಟುತ್ತ ನಾನೇ ಹೇಳಿದೆ. ಶವದ ಪೆಟ್ಟಿಗೆಗೆ ಹೆಗಲು ಕೊಟ್ಟ ನೋಬರ್‌ಗಳಲ್ಲಿ ಯಜಮಾನರೂ ಇದ್ದರು. ಹಳೆಯ ಬೇಟೆಗಾರರು ಬಂದು ಪೆಟ್ಟಿಗೆಯ ಮೇಲೆ ಒಂದೊಂದು ಹಸಿರು ಚಿಗುರು ಇಟ್ಟರು. ಆ ಅಂಗಡಿಯಾಕೆಯೂ ಬಂದಿದ್ದಳು, ನನ್ನ ಪಕ್ಕ ನಿಂತು ನನ್ನ ಮೊಣಕೈ ಹಿಡಿದಿದ್ದಳು. ನಾಯಿಯನ್ನು ಮಗ ಕರೆದೊಯ್ದ. ದುರ್ಬೀನನ್ನು ನನಗೆ ಬಿಟ್ಟ.

ಅದು ಕೊತ್ತಂಬರಿಯ ಕುಂಡದ ಪಕ್ಕದಲ್ಲೇ ಇದೆ. ಅಂದು ಅಂಗಡಿಯಲ್ಲಿ ಹೇಳಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಥಟ್ಟನೆ ಉತ್ತರ ಬರುವುದಿಲ್ಲ. ಆದರೆ ಅವರ ಕೈಯನ್ನು ಮರೆಯಲಾರೆ. ಮುಖದ ಮೇಲೆ ಬಟ್ಟೆ ಎಳೆಯುವ ಮುಂಚೆ ಕೈ ಸರಿಪಡಿಸಲು ಹೋದೆ. ನಾಲ್ಕು ಬೆರಳು ಮಡಚಿದ್ದವು. ತೋರುಬೆರಳೊಂದು ಹೊದಿಕೆಯ ಮೇಲೆ ನೆಟ್ಟಗೆ ಚಾಚಿಕೊಂಡಿತ್ತು. ನಾನು ಅದನ್ನು ಹ್ಯಾಗಿತ್ತೋ ಹಾಗೇ ಬಿಟ್ಟೆ.